ಹಿರಿಯರು ಕಾರವಾರಕ್ಕೆ ಬಂದರೆ

ಬೆಳಗಿನಿಂದ ಗೋಡೆಯನ್ನು ಎಷ್ಟು ಸಲ ನೋಡಿದರೂ ವಿನೋದನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಗೆರೆ ಎಲ್ಲಿಯೂ ನಡುಗಿರಲಿಲ್ಲ, ಕೆಂಪು ಗೋಡೆಯ ಮೇಲೆ ಬಿಳಿ ಚೊಕ್ಕವಾಗಿ ಎದ್ದು ಕಾಣುತ್ತಿತ್ತು, ಹತ್ತಿರ ಹೋದರೂ ಚೆಂದ, ದೂರ ನಿಂತರೂ ಚೆಂದ. ಹಾಗಿದ್ದೂ ಯಾರೋ ಹಿಂದೆ ನಿಂತು 'ಯಾರನ್ನು ಕೇಳಿ ಬರೆದೆ' ಎನ್ನುತ್ತಾರೆ ಅನ್ನಿಸಿ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದ. ಹಿಂದೆ ಕುರ್ಚಿ ಜೋಡಿಸುವವರು ಬಿಟ್ಟರೆ ಯಾರೂ ಇರಲಿಲ್ಲ. ಸಂಜೆ ಕಲಾಪ್ರದರ್ಶನದ ಉದ್ಘಾಟನೆ. ಕಾರವಾರದ ಈ ಸಭಾಂಗಣದ ಬಾಗಿಲಿಗೆ 'ನೀರು, ಹಿರಿಯರು, ಬದಲಾಗುತ್ತಿರುವ ಹವೆ' ಎಂದು ಬ್ಯಾನರು ಕಟ್ಟಿದ್ದರು. ಒಳಗೆ ಒಬ್ಬರು ಹರಿದ ಬಲೆಗಳನ್ನು ಚಾವಣಿಯಿಂದ ಇಳಿಬಿಟ್ಟಿದ್ದರು, ಇನ್ನೊಬ್ಬರು ಸಮುದ್ರ ದಂಡೆಗೆ ಎಸೆದ ಚಪ್ಪಲಿಗಳನ್ನೆಲ್ಲ ಆರಿಸಿ ತಂದು ನೆಲದ ಮೇಲೆ ಸಾಲಾಗಿ ಇಟ್ಟಿದ್ದರು. ನಡುಗೋಡೆ ವಿನೋದನದು. ಪಕ್ಕದ ಚೀಟಿಯಲ್ಲಿ 'ವಿನೋದ ಗೌಡ, ಹಾಲಕ್ಕಿ ಹಲಿ ಕಲಾವಿದ' ಎಂದು ಅಚ್ಚಾಗಿತ್ತು. ಕಲಾವಿದ ಎಂಬುದನ್ನು ಓದಿದಾಗಲೆಲ್ಲ ಬೇರೆ ಯಾರದೋ ಅಂಗಿ ತೊಟ್ಟು ಬಂದ ಹಾಗಾಗುತ್ತಿತ್ತು. ಬೆಳಿಗ್ಗೆ ವಾಕಿಂಗ್ ಮುಗಿಸಿ ಒಳಗೆ ಇಣುಕಿದ ನಿವೃತ್ತರೊಬ್ಬರು ಚೀಟಿಯನ್ನು ಪೂರ್ತಿ ಓದಿ, ತಲೆದೂಗಿ, "ವಾರ್ಲಿ ತುಂಬ ಚೆನ್ನಾಗಿದೆ" ಎಂದು ಬೆನ್ನು ತಟ್ಟಿ ಹೋಗಿದ್ದರು. ವಿನೋದ ಥ್ಯಾಂಕ್ಸ್ ಎಂದಿದ್ದ. ಇದು ವಾರ್ಲಿ ಅಲ್ಲ ಎನ್ನದೆ ಯಾಕೆ ಥ್ಯಾಂಕ್ಸ್ ಎಂದೆ ಎಂದು ಆಮೇಲೆ ಎಷ್ಟೋ ಹೊತ್ತು ತನ್ನನ್ನೇ ಬೈದುಕೊಂಡ.

ಮಲ್ಲಾಪುರದ ಒಂದು ಶಾಲೆಯಲ್ಲಿ ಅವನು ಡ್ರಾಯಿಂಗ್ ಮಾಸ್ತರ. ಎರಡು ಗುಡ್ಡ, ನಡುವೆ ಮುಳುಗುವ ಸೂರ್ಯ, ಕೆಳಗೊಂದು ದೋಣಿ, ಇದನ್ನೇ ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದವನು. ಪ್ರದರ್ಶನ ನಡೆಸುವ ನಾಗಶ್ರೀ ಅವನನ್ನು ಹುಡುಕಿಕೊಂಡು ಬಂದದ್ದು ಅವನ ಚಿತ್ರ ನೋಡಿ ಅಲ್ಲ, ಹೆಸರಿನ ಜೊತೆಗಿದ್ದ ಗೌಡ ನೋಡಿ. "ಸರ್, ನೀವು ಹಾಲಕ್ಕಿಯವರಲ್ವಾ? ಹಲಿ ಬರೀತೀರಾ?" ಎಂದು ಕೇಳಿದ್ದಳು. ಹಲಿ ಎಂದರೆ ಅವನ ಕೊಪ್ಪದ, ಅಂದರೆ ಹಾಲಕ್ಕಿ ಕೇರಿಯ, ಮನೆಗಳಲ್ಲಿ ಗೋಡೆಗೆ ಕೆಮ್ಮಣ್ಣು ಸಾರಿಸಿ ಶೇಡಿಮಣ್ಣಿನ ಬಿಳಿಯಲ್ಲಿ ಹೆಂಗಸರು ಬರೆಯುವ ಚಿತ್ರ. ಹೆಂಗಸರು. ಚಿಕ್ಕವನಿದ್ದಾಗ ತಾಯಿಯ, ಅವ್ವಿಯ, ಪಕ್ಕ ಕೂತು ಅವನೂ ಕುಂಚ ಹಿಡಿದಿದ್ದ. ಓರಗೆಯವರು ಹೆಣ್ಣಿನ ಹೆಸರು ಮಾಡಿ 'ವಿನೋದಿ ಬಂತು, ವಿನೋದಿ ಬಂತು' ಎಂದು ಕೇರಿ ತುಂಬ ಕೂಗಿ ಅದನ್ನು ಬಿಡಿಸಿದ್ದರು. ಆ ಕೂಗು ನೆನಪಾದರೆ ನಲವತ್ತು ದಾಟಿ, ಮದುವೆಯ ಮಾತನ್ನೂ ಬಿಟ್ಟುಕೊಟ್ಟ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೂ ನಾಗಶ್ರೀಗೆ ಹೂಂ ಎಂದುಬಿಟ್ಟ. ವೈಶಾಖದಲ್ಲಿ ಅವ್ವಿ ತೀರಿಕೊಂಡಿದ್ದಳು. ಅವಳು ಹೋದಮೇಲೆ ಅಳು ಬಂದಿರಲಿಲ್ಲ, ಬರಬೇಕಾದದ್ದು ಎಲ್ಲೋ ದಾರಿಯಲ್ಲಿ ಸಿಕ್ಕಿಕೊಂಡಿದೆ ಎಂದು ಕಾಯುತ್ತಿದ್ದ. ಈ ಗೋಡೆಯ ಮುಂದೆ ಏಣಿ ಹಾಕಿ ನಿಂತು ಮೊದಲ ಗೆರೆ ಎಳೆದಾಗ ಅವ್ವಿಯ ಮೊಣಕೈ ತನ್ನ ಮೊಣಕೈಗೆ ತಾಗಿತು ಅನ್ನಿಸಿ ಒಬ್ಬನೇ ಅತ್ತ. ಅತ್ತಮೇಲೆ ಸುಖವಾಯಿತು. ಆ ದಿನಗಳೆಲ್ಲ ಅವನು ಸುಖವಾಗಿದ್ದ, ಶಿರವಾಡದ ಬಾಡಿಗೆ ಕೋಣೆಗೆ ಹೋಗಿ ಮಲಗಿದರೂ ನಿದ್ದೆಯಲ್ಲಿ ಬೆರಳು ಆಡುತ್ತಿತ್ತು.

ಬರೆದದ್ದು ಮನೆಯ ಗಜನಿಯನ್ನು. ಗಂಗಾವಳಿ ಸಮುದ್ರ ಸೇರುವ ಕಡೆ, ಮಂಜಗುಣಿಯ ಆಚೆ, ಉಪ್ಪುನೀರೂ ಸಿಹಿನೀರೂ ಕೂಡುವಲ್ಲಿ ಕಟ್ಟೆ ಕಟ್ಟಿ ಮಾಡಿದ ಗದ್ದೆ. ಮಳೆಗಾಲದಲ್ಲಿ ಸಿಹಿನೀರು ನಿಂತಾಗ ಕಗ್ಗ ಭತ್ತ, ಉಪ್ಪಿಗೂ ಜಗ್ಗದ ಜಾತಿ, ಎದೆಯೆತ್ತರ ಬೆಳೆಯುತ್ತಿತ್ತು. ಕೊಯ್ಲಾದ ಮೇಲೆ ಹಲಗೆಯ ಬಾಗಿಲು ಎತ್ತಿ ನದಿಯನ್ನು ಒಳಗೆ ಬಿಟ್ಟರೆ ಸಿಗಡಿ, ಮೀನು. ಕಟ್ಟೆಯ ಬಾಗು, ಹಲಗೆಯ ಬಾಗಿಲು, ಬದುವಿನ ಸುರಗಿ ಮರ, ಮನೆಯ ಬಾವಿ, ಎಲ್ಲ ಅವ್ವಿ ಬರೆಯುತ್ತಿದ್ದ ಹಾಗೆಯೇ, ಅವಳು ಎಲ್ಲಿಂದ ಶುರು ಮಾಡುತ್ತಿದ್ದಳೋ ಅಲ್ಲಿಂದಲೇ ಬರೆದಿದ್ದ. ಈಗ ಆ ಗದ್ದೆ ಇಲ್ಲ. ದೊಡ್ಡ ನೆರೆ ಬಂದ ವರ್ಷ ಕಟ್ಟೆ ಒಡೆಯಿತು, ಕಟ್ಟಿದರು, ಮರುವರ್ಷ ಅಮಾವಾಸ್ಯೆಯ ಭರತಿಗೆ ಮತ್ತೆ ಹೋಯಿತು. ಭರತಿಯ ನೀರು ಮೊದಲು ನಿಲ್ಲುತ್ತಿದ್ದ ಗುರುತನ್ನು ದಾಟಿ ಬರುತ್ತದೆ, ಸಮುದ್ರವೇ ಏರಿದೆ ಎಂದು ಎಲ್ಲರೂ ಹೇಳುತ್ತಾರೆ. ನಾಗಶ್ರೀ ಅದನ್ನೇ ಚೀಟಿಯಲ್ಲಿ ಚೆನ್ನಾಗಿ ಬರೆಸಿದ್ದಳು, ಕಳೆದುಹೋದ ಗದ್ದೆಯ ಸ್ಮರಣೆ ಎಂದು.

ಮಧ್ಯಾಹ್ನದ ಊಟಕ್ಕೆ ಮೊದಲು ದೊಡ್ಡವ್ವಿ ಬಂದಳು. ದೊಡ್ಡವ್ವಿ ಎಂದರೆ ಅಪ್ಪನ ಅಣ್ಣನ ಹೆಂಡತಿ ಮಂಜಿ, ಈಗ ಆ ಮನೆಗೆ ಅವಳೇ ಹಿರಿಯಳು. ಕರೆದುಕೊಂಡು ಬಂದವನು ಅವಳ ಮಗ ಸುನಿಲ, ಗಾರೆ ಕೆಲಸದವನು. ಬನ್ನಿ ಎಂದು ಫೋನಿನಲ್ಲಿ ಕರೆದವನು ವಿನೋದನೇ, ಆದರೆ ಹಬ್ಬದ ದಿನ, ದೀಪಾವಳಿಯ ನೀರು ತುಂಬುವ ದಿನವೇ ಬರುತ್ತಾರೆ ಎಂದುಕೊಂಡಿರಲಿಲ್ಲ. ಕೊರಳ ತುಂಬ ಕರಿಮಣಿ ಸರ ಹಾಕಿಕೊಂಡ ಮುದುಕಿ ಚಪ್ಪಲಿಗಳ ಸಾಲಿನ ಮುಂದೆ ನಿಂತು, ಇಲ್ಲಿ ಬಿಟ್ಟು ಹೋಗಬೇಕೇನೋ ಎಂದು ತನ್ನದನ್ನೂ ಬಿಚ್ಚಿ ಅದರ ಪಕ್ಕದಲ್ಲೇ ಇಟ್ಟಳು. ಕುರ್ಚಿ ಜೋಡಿಸುವವರು ನಕ್ಕರು. ವಿನೋದನಿಗೆ ಮೈಯೆಲ್ಲ ಹಿಡಿಯಾಯಿತು, ಓಡಿ ಹೋಗಿ ಆ ಚಪ್ಪಲಿ ಎತ್ತಿಕೊಳ್ಳಲೇ ಎನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಅವಳಿಗೆ ಇದಾವುದೂ ತಾಗಲಿಲ್ಲ. ನೇರವಾಗಿ ಬಂದು ಗೋಡೆಯನ್ನು ಅಂಗೈಯಿಂದ ಸವರಿದಳು.

"ಇದು ಶೇಡಿ ಅಲ್ಲ."

"ಪೇಂಟು ದೊಡ್ಡವ್ವಿ. ಇವ್ರೇ ಕೊಟ್ಟದ್ದು. ನೀರು ಹಾಕಿ ತಿಕ್ಕಿದ್ರೂ ಹೋಗೂದಿಲ್ಲ."

"ಹೋಗೂದೇ ಇಲ್ವಾ?" ಎಂದು ಅಂಗೈ ನೋಡಿಕೊಂಡಳು. ಹಿಂದೆ ಸರಿದು ನಿಂತು ಕಣ್ಣು ಕಿರಿದು ಮಾಡಿ ನೋಡಿದಳು. "ಇದು ನಮ್ ಗಜನಿ ಅಲ್ದನಾ ತಮಾ?"

"ಹೌದು."

"ಹೌದು, ಹೌದು. ಬಾಗ್ಲು ಹಲಗೆ ಅದೆ. ಸುರಗಿ ಮರ ಅದೆ. ಬಾವಿ ಅದೆ. ಯಬ್ಬಾ, ನಿನ್ ಅವ್ವಿ ಬರ್ದಂಗೇ ಬರ್ದೀಯೆ!" ಬಾಯಿ ತುಂಬ ನಕ್ಕಳು. ಕೈಹಿಡಿದು ಬೆರಳುಗಳನ್ನು ಒಂದೊಂದಾಗಿ ಒತ್ತಿದಳು. ಅವನಿಗೆ ಎದೆ ತುಂಬಿ ಬಂತು, ಇಷ್ಟು ದಿನ ಇದೊಂದು ಮಾತಿಗೆ ಕಾದಿದ್ದೆ ಎಂದು ಆಗ ಗೊತ್ತಾಯಿತು. ಅಷ್ಟರಲ್ಲಿ ಅವಳ ನಗು ಇಳಿಯಿತು. ಹತ್ತಿರದ ಕುರ್ಚಿಯ ಮೇಲೆ ಕೂತಳು. "ಹಂಗಾರೆ ಅವ್ರು ಇವತ್ತು ಇಲ್ಲಿಗೇ ಬತ್ರಲಾ," ಎಂದಳು.

"ಯಾರು?"

"ಯಾರು ಅಂದ್ರೆ? ಹಿರೇರು. ನಿನ್ ಅವ್ವಿ."

ಅವನಿಗೆ ಗೊತ್ತಿರದ ಸಂಗತಿಯಲ್ಲ. ಆ ಕೊಪ್ಪದಲ್ಲಿ ಅವನ ಮನೆಯೊಂದರದೇ ರೂಢಿ ಅದು. ನೀರು ತುಂಬುವ ದಿನ ಬಾಗಿಲ ಪಕ್ಕದ ಗೋಡೆಯ ಮೇಲೆ ಮನೆಗೆ ಏನಿದೆಯೋ ಅದನ್ನು ಬರೆಯಬೇಕು, ಗದ್ದೆ, ಬಾವಿ, ದನ, ಮರ. ಹಿರಿಯರು ಮಬ್ಬು ಕವಿಯುವ ಹೊತ್ತಿಗೆ ಮೊದಲು ಗದ್ದೆಯ ಮೇಲೆ ಹಾದು ಬರುತ್ತಾರೆ, ಅಲ್ಲಿ ಕಂಡದ್ದನ್ನು ಯಾವ ಗೋಡೆಯ ಮೇಲೆ ಕಾಣುತ್ತಾರೋ ಆ ಮನೆಯೊಳಗೆ ಹೋಗುತ್ತಾರೆ. ಹೆಂಚಿನ ಮನೆ ಹೋಗಿ ಸ್ಲ್ಯಾಬಿನ ಮನೆ ಬಂದರೂ, ಮಕ್ಕಳ ಮುಖ ಮೊಮ್ಮಕ್ಕಳಿಗೆ ಬಾರದಿದ್ದರೂ ಅವರಿಗೆ ಗುರುತು ಸಿಗುವುದು ಗೋಡೆಯಿಂದ. ಇದೆಲ್ಲ ಗೊತ್ತಿತ್ತು. ಗೊತ್ತಿದ್ದದ್ದು ಹೆಂಗಸರ ವಿಷಯವಾಗಿ ಒಂದು ಮೂಲೆಯಲ್ಲಿತ್ತು, ಆ ಮೂಲೆಗೆ ಅವನು ಹೋಗಿರಲಿಲ್ಲ. ಚಿತ್ರಕ್ಕೆ ಕಾಗದ ಬೇಕು, ಇಲ್ಲವೇ ಗೋಡೆ ಬೇಕು, ಯಾರ ಗೋಡೆ ಎಂಬುದೊಂದು ಪ್ರಶ್ನೆಯೇ ಎಂದು ಬರೆದುಬಿಟ್ಟಿದ್ದ. ಡ್ರಾಯಿಂಗ್ ಮಾಸ್ತರನ ಬುದ್ಧಿ.

"ಮನೇಲಿ ನೀನು ಬರ್ದಿದ್ದೀ ಅಲಾ? ಎರಡೂ ಕಡೆ ಇದ್ರೆ ಮನೆಗೇ ಬತ್ರು," ಎಂದ.

ಸುನಿಲ ಹೇಳಿದ, "ನಮ್ ಅವ್ವಿ ಈ ವರ್ಷ ಬರೀಲಿಲ್ಲ ಅಣ್ಣಾ. ಗೋಡೆ ಸಾರ್ಸಿ ಹಂಗೇ ಬಿಟ್ಟದೆ."

"ಎಂತಾ ಬರೀಲಿ?" ಎಂದಳು ಮಂಜಿ, ಮಗನ ಮೇಲೆ ರೇಗಿ. "ಇದ್ದದ್ದು ಬರೀಬೇಕು. ಗದ್ದೆ ಎಲ್ಲದೆ? ನಿನ್ ಅವ್ವಿ ಕಟ್ಟೆ ಒಡ್ದ ಮೇಲೂ ಗದ್ದೆ ಬರೀತಿತ್ತು, ಮುಂದಿನ್ ವರ್ಷ ಬತ್ತದೆ, ಮುಂದಿನ್ ವರ್ಷ ಬತ್ತದೆ ಅಂದ್ಕಂಡಿ. ನಿನ್ ಅವ್ವಿಗೆ ಆ ಧೈರ್ಯ ಇತ್ತು. ನಂಗಿಲ್ಲ. ನೀರು ಬರೀವಾ ಅಂದ್ರೆ ಕೈ ಬರೂದಿಲ್ಲ. ನೀರು ಬರ್ದೆ ಅಂದ್ರೆ ಮುಗೀತು ಅಂತ್ಲೇ ಅಲಾ? ನಾನೇ ಅದನ್ನ ಮುಗ್ಸೂದಾ?" ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ ಅವ್ವಿ ಹಿರೇರ ಕೂಡೆ ಬರೂದು ಇದೇ ಮೊದಲು. ದಾರಿ ಹೊಸತು ಅದ್ಕೆ."

ವಿನೋದ ಹಿರಿಯರು ಬರುತ್ತಾರೆ ಎಂದು ನಂಬುವವನಲ್ಲ. ನಂಬುವುದಿಲ್ಲ ಎಂದು ಯಾರ ಮುಂದೆಯೂ ಹೇಳಿದವನೂ ಅಲ್ಲ, ಹೇಳುವ ಪ್ರಸಂಗ ಬಂದಿರಲಿಲ್ಲ. ಈಗ ನಂಬುಗೆಯ ಪ್ರಶ್ನೆ ಒತ್ತಟ್ಟಿಗೆ ಸರಿದು ಬೇರೊಂದೇ ಕಣ್ಣಿಗೆ ಕಟ್ಟಿತು. ಸಂಜೆ ಸಭೆ ಮುಗಿದು, ದೀಪ ಆರಿಸಿ, ಶಟರ್ ಎಳೆದು ಎಲ್ಲರೂ ಹೋದಮೇಲೆ ಅವ್ವಿ ಈ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಬೋರ್ಡು ಓದಲು ಬಾರದು. ಬದುಕಿದ್ದಾಗ ಅಂಕೋಲೆಯ ಸಂತೆ ದಾಟಿ ಎಲ್ಲಿಗೂ ಒಬ್ಬಳೇ ಹೋದವಳಲ್ಲ, ಆಸ್ಪತ್ರೆಗೆಂದು ಕಾರವಾರಕ್ಕೆ ತಂದಾಗ ಮೊಳಗುವ ಲಾರಿಗಳಿಗೆ ಹೆದರಿ ಅವನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ಯಾರನ್ನೋ ದಾರಿ ಕೇಳಿದರೆ ಅವರು ಕೊಂಕಣಿಯಲ್ಲಿ ಏನೋ ಹೇಳುತ್ತಾರೆ. ಒಳಗೆ ತನ್ನದೇ ಗಜನಿ ಕಾಣುತ್ತಿದೆ, ಬಾಗಿಲು ತೆಗೆಯುವವರು ಮಾತ್ರ ಯಾರೂ ಇಲ್ಲ. ಸುಳ್ಳೇ ಇರಲಿ, ಇದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ನಿನ್ನೆ ಮೊನ್ನೆಯ ಸುಖವನ್ನೆಲ್ಲ ಅವಳ ದಾರಿ ತಪ್ಪಿಸಿ ಸಂಪಾದಿಸಿದೆ ಎನ್ನಿಸಿತು. ಮೂಲೆಯಲ್ಲಿದ್ದ ಒದ್ದೆ ಬಟ್ಟೆ ತೆಗೆದುಕೊಂಡು ಬಾವಿಯ ಗೆರೆಯನ್ನು ತಿಕ್ಕಿದ. ಬಣ್ಣ ಅಲ್ಲಾಡಲಿಲ್ಲ, ಬಟ್ಟೆ ಮಾತ್ರ ಹರಿಯಿತು.

ನಾಗಶ್ರೀ ಓಡಿ ಬಂದಳು. ಏನು ಮಾಡುತ್ತಿದ್ದೀರಿ ಎಂದು ಕೈ ಹಿಡಿದು ನಿಲ್ಲಿಸಿದಳು. ಅವನು ಹೇಳಲು ಹೊರಟ, ಅರ್ಧಕ್ಕೆ ಮಾತು ತೊದಲಿತು. ತನ್ನ ಬಾಯಿಯಲ್ಲಿ ಬಂದರೆ ಅದು ಹಾಸ್ಯದ ಹಾಗೆ ಕೇಳುತ್ತದೆ ಎಂದು ಅಂಜಿಕೆ. ಮಂಜಿಯೇ ಹೇಳಿದಳು, ನೆರೆಮನೆಯವಳಿಗೆ ಹೇಳುವ ಹಾಗೆ. "ಒರ್ಸೂದು ಬ್ಯಾಡ ಮಗಾ. ಚೆಂದ ಅದೆ. ಇವತ್ತೊಂದ್ ರಾತ್ರೆ ಬಟ್ಟೆ ಹಾಕಿ ಮುಚ್ಚು, ಅವ್ರಿಗೆ ಕಾಣದಂಗೆ. ನಾಳೆ ತೆಗೀರಿ."

"ಅಜ್ಜಿ, ಇವತ್ತೇ ಉದ್ಘಾಟನೆ," ಎಂದಳು ನಾಗಶ್ರೀ. "ಎಲ್ಲರೂ ಈ ಗೋಡೆ ನೋಡೂಕೇ ಬರೂದು. ಹೆಂಗೆ ಮುಚ್ಚಲಿ?" ಆಮೇಲೆ ಅವಳ ಮುಖ ಬೆಳಗಿತು. "ಸರ್, ಇದನ್ನೇ ಅಜ್ಜಿ ಕ್ಯಾಮೆರಾ ಮುಂದೆ ಒಂದ್ಸಲ ಹೇಳಲಿ. ಸಂಜೆ ತೋರಿಸುವಾ. ಇದಕ್ಕಿಂತ ದೊಡ್ಡದು ಏನದೆ?"

"ಬೇಡ ಮೇಡಂ," ಎಂದ ವಿನೋದ. ತನ್ನ ದನಿ ತನಗೇ ಗಡುಸಾಗಿ ಕೇಳಿತು. ಅವಳು ಕೆಟ್ಟವಳಲ್ಲ, ಅವನ ಚೀಟಿಗೆ ಹಾಲಕ್ಕಿ ಎಂದು ಬರೆಸಲು ಯಾರ ಯಾರ ಜೊತೆಗೋ ಜಗಳಾಡಿದವಳು. "ನಾನು ಊರಿಗೆ ಹೋಗ್ತೇನೆ. ಸಂಜೆ ಇರೂದಿಲ್ಲ. ಮುಚ್ಚೂದು ಬಿಡೂದು ನಿಮಗೆ ಬಿಟ್ಟದ್ದು." ಸನ್ಮಾನಕ್ಕೆ ಅವನ ಹೆಸರು ಕೂಗುತ್ತಾರೆ, ಶಾಲೆಯ ಹೆಡ್‌ಮಾಸ್ತರರೂ ಬರುತ್ತಾರೆ, ಅವರ ಮುಂದೆ ಒಂದು ಖಾಲಿ ಕುರ್ಚಿ ಇರುತ್ತದೆ. ಇದೆಲ್ಲ ಮನಸ್ಸಿನಲ್ಲಿ ಸರಿಯಿತು. ಜೀವಮಾನದಲ್ಲಿ ಒಂದು ಸಲ ಯಾರೋ ಮೈಕಿನಲ್ಲಿ ಹೆಸರು ಕೂಗುವುದಿತ್ತು ಎಂದು ಆಸೆಯಾಯಿತು, ಆಸೆ ಆದದ್ದನ್ನು ಅವನು ತನ್ನಿಂದ ಮುಚ್ಚಿಡಲಿಲ್ಲ. ದೊಡ್ಡವ್ವಿಯ ಚಪ್ಪಲಿಯನ್ನು ಆ ಸಾಲಿನಿಂದ ಎತ್ತಿ ತಂದು ಅವಳ ಕಾಲ ಬುಡದಲ್ಲಿ ಇಟ್ಟ.

ಅಂಕೋಲೆಯ ಬಸ್ಸಿನಲ್ಲಿ ಮಂಜಿ ಕಿಟಕಿಯ ಪಕ್ಕ ಕೂತಳು. ಬಿಣಗಾದ ಏರು ಹತ್ತುವಾಗ ಅವಳು ಹೊರಗೆ ನೋಡುತ್ತ ಸಣ್ಣಗೆ ಮಾತಾಡತೊಡಗಿದಳು. ಮೊದಲು ತನಗೆ ಹೇಳುತ್ತಾಳೆ ಎಂದುಕೊಂಡ ವಿನೋದ. "ಇದು ಬಿಣಗಾ. ಹೆದ್ರೂದು ಬ್ಯಾಡ, ಗುಡ್ಡ ಇಳ್ದ್ರೆ ಅಮದಳ್ಳಿ. ಅಲ್ಲಿಂದ ಸೀದಾ." ಯಾರಿಗೆ ಎಂದು ಸುನಿಲನನ್ನು ನೋಡಿದ. "ಹಿರೇರು ಯಾರಾರೂ ಆಗ್ಲೇ ಕಾರವಾರಕ್ಕೆ ಬಂದಿದ್ರೆ ಅಂದಿ, ದಾರಿ ಹೇಳ್ತದೆ," ಎಂದ ಸುನಿಲ, ನಗು ತಡೆದುಕೊಂಡು. ಮುಂದಿನ ಸೀಟಿನ ಕಾಲೇಜು ಹುಡುಗಿಯರು ತಿರುಗಿ ನೋಡಿದರು, ಒಬ್ಬಳು ಕಿವಿಯ ತಂತಿ ತೆಗೆದಳು. ವಿನೋದನಿಗೆ ಕತ್ತು ಬೆವರಿತು. ಶಾಲೆಯವರು ಯಾರಾದರೂ ಇದ್ದಾರೋ ಎಂದು ಸೀಟುಗಳ ಮೇಲೆ ಕಣ್ಣಾಡಿಸಿದ. ಮುದುಕಿ ನಿಲ್ಲಿಸಲಿಲ್ಲ, ಹಟ್ಟಿಕೇರಿ ಬಂದರೆ ಹಟ್ಟಿಕೇರಿ, ಅವರ್ಸಾ ಬಂದರೆ ಅವರ್ಸಾ. ಹೆದ್ದಾರಿ ಅಗಲ ಮಾಡಲು ಗುಡ್ಡ ಕಡಿದ ಕಡೆ, "ಇಲ್ಲಿ ಮೊದ್ಲು ಗುಡ್ಡ ಇತ್ತು, ಈಗ ಇಲ್ಲ, ನಿಮ್ಗೆ ಗುರ್ತ ಸಿಕ್ಕೂದಿಲ್ಲ, ಆದ್ರೂ ಇದೇ ದಾರಿ," ಎಂದಳು. ಆ ಮಾತು ಕೇಳಿ ಏನಾಯಿತೋ, ಅವನ ಬೆವರು ಆರಿತು. ಅಂಕೋಲೆ ಹತ್ತಿರವಾದಾಗ ಅವಳಿಗೆ ತೂಕಡಿಕೆ ಬಂತು. ಒಂದು ಊರು ತಪ್ಪಿಹೋಯಿತು. ವಿನೋದ ಆಚೆ ಈಚೆ ನೋಡಿದ, ಕಿಟಕಿಯ ಕಡೆ ಬಾಗಿ, ಆದಷ್ಟು ಮೆಲ್ಲಗೆ, "ಇನ್ನು ಸ್ವಲ್ಪ ದೂರ," ಎಂದ.

ಮನೆಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಅಂಗಳದಲ್ಲಿ ಬೆಳಗಿದ ಹಂಡೆ, ಅದರ ಕೊರಳಿಗೆ ಸುತ್ತಲು ಹಿಂಡ್ಲೆಕಾಯಿ ಬಳ್ಳಿ. ಬಾಗಿಲ ಪಕ್ಕದ ಗೋಡೆಗೆ ಕೆಮ್ಮಣ್ಣು ಬಳಿದು ಒಣಗಿತ್ತು, ಬರಿಯ ಕೆಂಪು. ಆ ಬರಿಗೋಡೆ ನೋಡಿದ್ದೇ ವಿನೋದನಿಗೆ ಅವ್ವಿ ಇಲ್ಲ ಎಂಬುದು ವೈಶಾಖದಲ್ಲಿ ಹೊಳೆದದ್ದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಹೊಳೆಯಿತು. ಶೇಡಿ ಕಲಸಿಕೊಡು ಎಂದ. ಮಂಜಿ ಅವನ ಮುಖ ನೋಡಿದಳು. ಗಂಡಸು ಬರೆಯುವುದೇ ಎಂದು ಕೇಳುತ್ತಾಳೆ ಎಂದು ಕಾದ. ಅವಳು ಕೇಳಿದ್ದು ಬೇರೆ. "ಎಂತಾ ಬರೀತೆ?" ಅವನಿಗೆ ಗೊತ್ತಿರಲಿಲ್ಲ. ಗಜನಿ ನೋಡಿ ಬರುತ್ತೇನೆ ಎಂದು ಪ್ಯಾಂಟು ಮಡಿಚಿಕೊಂಡು ಹೊರಟ, ಸುನಿಲ ಜೊತೆಗೆ ಬಂದ.

ಎಷ್ಟೋ ಕಾಲದಿಂದ ಅವನು ಅಲ್ಲಿಗೆ ಹೋಗಿರಲಿಲ್ಲ. ಊರಿಗೆ ಬಂದರೂ ಆ ಕಡೆ ಬೆನ್ನು ಹಾಕಿ ಕೂತು ಚಾ ಕುಡಿದು ಹೋಗುವುದು ರೂಢಿಯಾಗಿತ್ತು. ಸತ್ತವರ ಮುಖ ನೋಡಲು ಹೋಗುವ ಮನಸ್ಸಿನಲ್ಲಿ ಕಟ್ಟೆ ಹತ್ತಿದ. ನೀರು ಇಳಿದಿತ್ತು. ಒಡೆದ ಕಟ್ಟೆಯ ಬಾಯಿಯಿಂದ ಉಳಿದ ನೀರು ನದಿಗೆ ಹೋಗುತ್ತಿತ್ತು. ಕೆಸರಿನಲ್ಲಿ ಏಡಿಯ ಗೂಡುಗಳು, ದಂಡೆಯ ಉದ್ದಕ್ಕೂ ಯಾರೂ ನೆಡದ, ಉಪ್ಪುನೀರಿನ ಕಾಂಡ್ಲ ಗಿಡಗಳು ಮೊಣಕಾಲೆತ್ತರ ಎದ್ದಿದ್ದವು, ಬೇರಿನಲ್ಲಿ ಮಣ್ಣು ಹಿಡಿದಿದ್ದವು. ನಡುವೆ ಸೀರೆ ಎತ್ತಿ ಕಟ್ಟಿದ ಹೆಂಗಸರು ಸಾಲಾಗಿ ಬಾಗಿ ಕೆಸರು ಕೆದರುತ್ತಿದ್ದರು. "ಬೆಳಚು ಆರ್ಸ್ತ್ರು," ಎಂದ ಸುನಿಲ. "ಇಲ್ಲಿ ಚಲೋ ಬೆಳಚು ಬಿದ್ದದೆ ಅಣ್ಣಾ ಈಗ. ದೀಪಾ ದಿನಾ ಬತ್ತದೆ." ಸುನಿಲನ ಹೆಂಡತಿ ದೀಪಾ ಅಲ್ಲಿಂದಲೇ ಬೆಳಚು, ಕೆಸರಿನ ಚಿಪ್ಪುಮೀನು, ತುಂಬಿದ ಬುಟ್ಟಿ ಎತ್ತಿ ತೋರಿಸಿದಳು, ಮತ್ತೆ ಬಾಗಿದಳು. ವಿನೋದ ನೋಡುತ್ತ ನಿಂತ. ಆ ಬೆನ್ನು ಅವನಿಗೆ ಗೊತ್ತಿತ್ತು. ನಾಟಿಯ ಹೆಂಗಸನ್ನು ಬರೆಯುವಾಗ ಅವ್ವಿ ಮೊದಲು ಬೆನ್ನಿನ ಬಾಗು ಎಳೆಯುತ್ತಿದ್ದಳು, ಆಮೇಲೆ ಕೈ, ಆಮೇಲೆ ಸಸಿ. ಅದೇ ಬಾಗು, ಅದೇ ಕೈ. ಸಸಿಯ ಬದಲು ಚಿಪ್ಪು, ಅಷ್ಟೇ. ಗ್ರಹಚಾರವೇ, ಗದ್ದೆ ಹೋಯಿತು ಗದ್ದೆ ಹೋಯಿತು ಎಂದು ಊರೂರಿಗೆ ಹೇಳಿ ಗೋಡೆ ತುಂಬ ಬರೆದು ಬಂದೆನಲ್ಲ, ಇವರು ದಿನವೂ ಇದರಲ್ಲೇ ಇಳಿದು ಉಣ್ಣುತ್ತಿದ್ದಾರೆ ಎಂದು ನಗು ಬಂತು. ನಗು ಬಂದದ್ದೇ ಕಣ್ಣೂ ತುಂಬಿತು. "ಅಲ್ಲಿ ನೋಡು," ಎಂದು ಸುನಿಲ ಸುರಗಿಯ ಬುಡದ ಎತ್ತರದ ಮೂಲೆಗೆ ಕೈ ತೋರಿಸಿದ. ಒಂದು ಹಿಡಿಯಷ್ಟು ಕಗ್ಗ, ಯಾವಾಗಲೋ ಉದುರಿದ ಕಾಳಿನಿಂದ ತಾನಾಗಿ ಎದ್ದದ್ದು, ಉಪ್ಪುನೀರಿನಲ್ಲಿ ಕಾಲಿಟ್ಟು ತೆನೆ ಹೊತ್ತು ನಿಂತಿತ್ತು. "ಕೊಯ್ಯೂದಿಲ್ಲ. ಬೀಜಕ್ಕೆ ಬಿಟ್ಟದೆ," ಎಂದ ಸುನಿಲ. "ಈ ಮೂಲೆ ಒಂದಕ್ಕಾರೂ ಬ್ಯಾಸಗೇಲಿ ಕಟ್ಟೆ ಹಾಕುವಾ ಅಂದಿ ಅದೆ ನಂಗೆ. ನೀನೂ ರಜೆಗೆ ಬಂದ್ರೆ ಮಣ್ಣು ಹೊರೂಕೆ ಒಬ್ಬ ಜನ ಆಯ್ತು."

ವಿನೋದ ಬರೆದ. ಮೊದಲು ನೀರನ್ನು. ಅದಕ್ಕೆ ಅವ್ವಿಯ ಗೆರೆ ಇರಲಿಲ್ಲ, ಹೇಳಿಕೊಡುವವರಿಲ್ಲ. ಕಟ್ಟೆ ಇದ್ದ ಕಡೆ ಇದ್ದಷ್ಟು ಕಟ್ಟೆ, ಒಡೆದ ಕಡೆ ಒಡೆದ ಬಾಯಿ, ಅದರಿಂದ ಒಳಗೂ ಹೊರಗೂ ಹೋಗುವ ಗೆರೆಗಳು. ಕೈ ಮೊದಲು ಹೆದರಿತು. ಕೆಮ್ಮಣ್ಣು ಶೇಡಿಯನ್ನು ಕುಡಿದು ಗೆರೆ ಮಂಕಾಯಿತು, ಒಣಗುತ್ತ ಬೆಳ್ಳಗಾಯಿತು. ಪೇಂಟು ಹಾಗಲ್ಲ, ಹಾಕಿದ ಹಾಗೆಯೇ ಇರುತ್ತದೆ, ಇದು ಬರೆದಾದ ಮೇಲೂ ತನ್ನ ಪಾಡಿಗೆ ಬದಲಾಗುತ್ತಿತ್ತು. ಅಂಗಳದ ಬೇಲಿಯಾಚೆ ಕೇರಿಯವರು ಬಂದು ನಿಂತರು, ಅವನ ಓರಗೆಯವನೊಬ್ಬ ಬಾಯಿ ತೆರೆದ. ಏನೋ ಹೇಳುತ್ತಾನೆ ಎಂದು ವಿನೋದನ ಬೆನ್ನು ಬಿಗಿಯಿತು. ಆ ಬಾಯಿಂದ "ಕಾಂಡ್ಲ ಬಿಟ್ಟೀಯೆ, ದಂಡೆ ಮೇಲೆ," ಎಂಬ ಮಾತು ಬಂತು. ಹೌದು, ಬಿಟ್ಟಿದ್ದ. ಬರೆದ. ಬಾಗಿದ ಹೆಂಗಸರ ಸಾಲು ಬರೆದ. ಮೂಲೆಯಲ್ಲಿ ಒಂದು ಹಿಡಿ ಕಗ್ಗ ಬರೆದ, ಇದ್ದಷ್ಟೇ, ಆಸೆಗೆ ಒಂದು ತೆನೆಯನ್ನೂ ಹೆಚ್ಚು ಹಾಕಲಿಲ್ಲ. ಮಂಜಿ ಹಿಂದೆ ಕೂತು ಒಂದೊಂದನ್ನೂ ನೋಡಿದಳು. ಕೊನೆಗೆ, "ಮುಗೀತು ಅಂದಂಗೆ ಕಾಣೂದಿಲ್ಲ," ಎಂದಳು. ಅವಳ ದನಿಯಲ್ಲಿ ಹಗುರವಾದದ್ದು ಎಲ್ಲರಿಗೂ ಕೇಳಿತು. ಅಷ್ಟರಲ್ಲಿ ಫೋನು ಕುಯ್ಯೆಂದಿತು. ನಾಗಶ್ರೀ ಫೋಟೋ ಕಳಿಸಿದ್ದಳು. ಸಭಾಂಗಣದ ನಡುಗೋಡೆಗೆ ಮೇಲಿಂದ ಕೆಳಗೆ ಬಿಳಿ ಬೆಡ್‌ಶೀಟುಗಳನ್ನು ಹೊಲಿದು ಇಳಿಬಿಟ್ಟಿದ್ದರು, ಅದರ ಮುಂದೆ ಅತಿಥಿಗಳು ಗೊಂದಲದ ಮುಖದಲ್ಲಿ ನಿಂತಿದ್ದರು. 'ಇವತ್ತು ಈ ಮನೆಯವರು ಊರಿಗೆ ಹೋಗಿದ್ದಾರೆ ಎಂದು ಹೇಳಿದ್ದೇನೆ ಸರ್' ಎಂದು ಕೆಳಗೆ ಬರೆದಿದ್ದಳು. ಸುನಿಲ ಓದಿ ಜೋರಾಗಿ ನಕ್ಕ, ಎಲ್ಲರಿಗೂ ತೋರಿಸಿದ.

ಮಬ್ಬು ಕವಿಯಿತು. ದೀಪಾ ಹಂಡೆಗೆ ನೀರು ತುಂಬಿ ಬಳ್ಳಿ ಸುತ್ತಿದಳು. ಹೊರಗಿನ ಮೆಟ್ಟಿಲಿನ ಮೇಲೆ ದೀಪ ಇಟ್ಟರು. "ಕರಿ," ಎಂದಳು ಮಂಜಿ. ವಿನೋದನಿಗೆ ಅರ್ಥವಾಗಲಿಲ್ಲ. "ಬರ್ದವ್ರೇ ಕರೀಬೇಕು. ಇಷ್ಟು ವರ್ಷ ನಿನ್ ಅವ್ವಿ ಬರ್ದದ್ದು, ನಿನ್ ಅವ್ವಿ ಕರ್ದದ್ದು. ಹೆಸ್ರು ನಾ ಹೇಳ್ತೆ. ನೀ ಕೂಗು." ಅವಳು ಹೇಳಿದಳು, ಅವನು ಗಜನಿಯ ಕಡೆ ಮುಖ ಮಾಡಿ ಕೂಗಿದ. ಅವನು ನೋಡದ ಮುತ್ತಜ್ಜರು, ಹೆಸರಷ್ಟೇ ಕೇಳಿದ್ದ ಅಜ್ಜಿಯರು, ಕೊನೆಗೆ ದೊಡ್ಡಪ್ಪ, ಅಪ್ಪ. ಅಪ್ಪನ ಹೆಸರು ಕೂಗುವಾಗ ದನಿ ಒಂದಿಷ್ಟು ತಡವರಿಸಿತು, ಹೋಯಿತು. ಆಮೇಲೆ ಮಂಜಿ ಸುಮ್ಮನಾದಳು. ಉಳಿದ ಹೆಸರು ಒಂದೇ. ಅದನ್ನು ಅವನು ಹುಟ್ಟಿದಂದಿನಿಂದ ಒಂದು ಸಲವೂ ಬಾಯಿಬಿಟ್ಟು ಕರೆದಿರಲಿಲ್ಲ, ಯಾರು ಕರೆಯುತ್ತಾರೆ ತಾಯಿಯನ್ನು ಹೆಸರು ಹಿಡಿದು. ರೇಷನ್ ಕಾರ್ಡಿನಲ್ಲಿ ಓದಿದ್ದ, ಆಸ್ಪತ್ರೆಯಲ್ಲಿ ನರ್ಸ್ ಕೂಗಿದಾಗ ಕೇಳಿ ಸಿಟ್ಟು ಬಂದಿತ್ತು. ಎಲ್ಲರೂ ಕಾಯುತ್ತಿದ್ದರು. ಗಜನಿಯ ಕಡೆ ನೀರು ತಿರುಗಿ ಏರತೊಡಗಿತ್ತು, ಒಡೆದ ಬಾಯಿಯಲ್ಲಿ ಅದು ಒಳಗೆ ಬರುವ ಸದ್ದು ಕೇಳುತ್ತಿತ್ತು.

"ಪುಟ್ಟೂ," ಎಂದ. ಯಾರಿಗೂ ಕೇಳುವಷ್ಟಿರಲಿಲ್ಲ ಅದು. ಮತ್ತೆ ಉಸಿರೆಳೆದು ಬೇಲಿಯಾಚೆಗೂ ಮುಟ್ಟುವ ಹಾಗೆ ಕೂಗಿದ. "ಪುಟ್ಟೂ, ಬಾರೇ. ಮನೆ ಇಲ್ಲೇ ಅದೆ." ಕೂಗಿದಮೇಲೆ ಅವಳು ತನಗಿಂತ ಚಿಕ್ಕವಳಾಗಿ, ಈ ಅಂಗಳಕ್ಕೆ ಮೊದಲ ಸಲ ಸೊಸೆಯಾಗಿ ಬಂದು ಬಾಗಿಲು ಯಾವುದೆಂದು ಹುಡುಕುತ್ತಿರುವ ಹುಡುಗಿಯಾಗಿ ಕಂಡಳು. ಅವನಿಗೆ ಅವಳ ಮೇಲೆ ಹಿಂದೆಂದೂ ಬಾರದಷ್ಟು ಪ್ರೀತಿ ಬಂತು. ಮಂಜಿ ಮೆಟ್ಟಿಲ ಕಡೆ ನೋಡುತ್ತಿದ್ದಳು, ಸ್ವಲ್ಪ ಸರಿದು ದಾರಿ ಬಿಟ್ಟಳು.

"ನಿನ್ ಅವ್ವಿ ಬಂತು," ಎಂದಳು. "ಎಂತಾ ನೋಡ್ತೀಯೆ, ಕಾಲಿಗೆ ನೀರು ಕೊಡು."

ವಿನೋದ ಹಂಡೆಯಿಂದ ಒಂದು ತಂಬಿಗೆ ನೀರು ಮೊಗೆದು, ಮೆಟ್ಟಿಲ ಮುಂದೆ ಬಾಗಿ, ಒಬ್ಬರ ಎರಡು ಪಾದ ತೊಯ್ಯುವ ಹಾಗೆ ನಿಧಾನವಾಗಿ ಹೊಯ್ದ.